ಬೀಗಿತ್ತಿಯರ ಬೆಟ್ಟ

ಯಾತ್ರಿಗಳ ತಂಗುಮನೆಯ ಉದ್ದನೆಯ ಕೋಣೆಯಲ್ಲಿ ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ ಒದ್ದೆ ಕಾಲುಚೀಲಗಳನ್ನು ಒಣಹಾಕಿದ್ದರು. ಬೇಕರಿಯಮ್ಮ ಬೆನ್ನಿನ ಚೀಲ ಇಳಿಸಿ, ಖಾಲಿ ಮಂಚ ಹುಡುಕುತ್ತ, ಹಗ್ಗದ ಕೆಳಗೆ ತಲೆ ತಗ್ಗಿಸಿ ಆಚೆ ಬಂದಳು. ಎದುರಿನ ಮಂಚದ ಮೇಲೆ ಅವಳ ಬೀಗಿತ್ತಿ ಕೂತು ಪಾದಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

ಬೀಗಿತ್ತಿ ಅನ್ನುವುದೂ ಈಗ ತಪ್ಪೇ. ಬೇಕರಿಯಮ್ಮನ ಮಗಳೂ ಈಕೆಯ ಮಗನೂ ನಾಲ್ಕು ವರ್ಷ ಸಂಸಾರ ಮಾಡಿ, ಹೋದ ವರ್ಷ ಕೋರ್ಟಿನಲ್ಲಿ ಸಹಿ ಹಾಕಿ ಬೇರೆಯಾಗಿದ್ದರು. ಜಗಳವಿಲ್ಲ, ರಂಪವಿಲ್ಲ. ‘ನಮಗೆ ಹೊಂದಲಿಲ್ಲ’ ಅಂದರು, ಅಲ್ಲಿಗೆ ಮುಗಿಯಿತು. ಅತ್ತೆ, ಸೊಸೆ, ಓರಗಿತ್ತಿ, ಷಡ್ಡಕ ಅಂತ ಇರುವ ನಂಟಿಗೆಲ್ಲ ಒಂದೊಂದು ಹೆಸರಿದೆ. ಮಕ್ಕಳ ಮದುವೆ ಮುರಿದ ಮೇಲೆ ಅವರ ತಾಯಂದಿರು ಒಬ್ಬರಿಗೊಬ್ಬರು ಏನಾಗಬೇಕು ಅನ್ನುವುದಕ್ಕೆ ಮಾತ್ರ ಯಾರೂ ಹೆಸರಿಟ್ಟಿಲ್ಲ.

“ಓ,” ಅಂದಳು ಬೇಕರಿಯಮ್ಮ.

“ಓ,” ಅಂದಳು ಆಕೆ. ಎಣ್ಣೆಯ ಸೀಸೆಯ ಮುಚ್ಚಳ ಕೈಜಾರಿ ಮಂಚದಡಿಗೆ ಉರುಳಿತು. ಅದನ್ನು ಹುಡುಕುವ ನೆಪದಲ್ಲಿ ಬಹಳ ಹೊತ್ತು ಬಗ್ಗಿಯೇ ಇದ್ದಳು.

ಆಕೆಯನ್ನು ಊರಿನವರೆಲ್ಲ ಡ್ರೈವಿಂಗ್ ಮೇಡಂ ಅನ್ನುತ್ತಿದ್ದರು. ಡ್ರೈವಿಂಗ್ ಸ್ಕೂಲಿನ ಬೋರ್ಡು ಹೊತ್ತ ಆಕೆಯ ಪುಟ್ಟ ಕಾರಿನಲ್ಲೇ ಊರಿನ ಅರ್ಧ ಜನ ಸ್ಟೀರಿಂಗ್ ಹಿಡಿಯಲು ಕಲಿತದ್ದು. ಮಕ್ಕಳ ಮದುವೆಯಾದ ಹೊಸದರಲ್ಲಿ ಒಂದು ದಿನ ಬೇಕರಿಗೆ ಬಂದವಳು, “ಅಂಗಡಿಗಳಿಗೆ ಬ್ರೆಡ್ ತಲುಪಿಸ್ತಿದ್ದ ಮಗಳನ್ನ ನಾವು ಕರ್ಕೊಂಡು ಹೋದ್ವಿ. ಇನ್ನು ಯಾರನ್ನ ಕಾಯ್ತೀರಿ? ನೀವೇ ಕಲೀರಿ,” ಅಂದಿದ್ದಳು. ಬೇಕರಿಗೆ ಗುರುವಾರ ರಜ. ಗುರುವಾರ ಗುರುವಾರ ಪಾಠ ನಡೆಯಿತು. ಬೇಕರಿಯಮ್ಮ ಒಂದು ದೀಪದ ಕಂಬವನ್ನೂ ಯಾರದೋ ಹೂಕುಂಡವನ್ನೂ ಬಲಿ ತೆಗೆದುಕೊಂಡು ಲೈಸೆನ್ಸ್ ಗಿಟ್ಟಿಸಿದಳು. ಪಾಠ ಮುಗಿದರೂ ಗುರುವಾರ ಮುಗಿಯಲಿಲ್ಲ. ಇಬ್ಬರೂ ಹಿಟ್ಟಿನ ಮೂಟೆಗಳ ಮೇಲೆ ಕೂತು, ಒಡೆದ ರಸ್ಕುಗಳನ್ನು ಟೀಗೆ ಅದ್ದಿ ತಿನ್ನುತ್ತ, ಸಂಜೆಯವರೆಗೆ ಮಾತಾಡುತ್ತಿದ್ದರು. ಅಂಥದ್ದೇ ಒಂದು ದಿನ ಈ ಯಾತ್ರೆಯ ಮಾತು ಬಂತು. “ಇನ್ನು ತಡ ಮಾಡಿದ್ರೆ ಕಾಲು ನಮ್ಮ ಮಾತು ಕೇಳಲ್ಲ,” ಎಂದು ಮೇಡಂ ಅಂದಳು. ಬೇಕರಿಯಮ್ಮ ಮಾರನೆಯ ದಿನವೇ ಬೂಟು ಕೊಂಡಳು. ತಂಗುಮನೆಗಳಲ್ಲಿ ಜಾಗವನ್ನೂ ಮುಂಚಿತವಾಗಿ ಹಿಡಿದಾಯಿತು.

ಅಷ್ಟರಲ್ಲಿ ಮಕ್ಕಳು ಬೇರೆಯಾದರು. ಮಾತಾಡಬೇಡಿ ಎಂದು ಈ ಇಬ್ಬರಿಗೆ ಯಾರೂ ಹೇಳಿರಲಿಲ್ಲ. ಮಗಳಿಗೆ ನೋವಾದೀತು ಎಂದು ಇವಳು ಸುಮ್ಮನಾದಳು, ಮಗನಿಗೆ ಎರಡು ಬಗೆದ ಹಾಗಾದೀತು ಎಂದು ಆಕೆ ಸುಮ್ಮನಾದಳು. ಬೀದಿಯಲ್ಲಿ ಎದುರಾದರೆ ಇಬ್ಬರಲ್ಲಿ ಒಬ್ಬರು ಯಾವುದಾದರೂ ಅಂಗಡಿಯ ಬೋರ್ಡನ್ನು ಪರೀಕ್ಷೆಗೆ ಓದುವವರಂತೆ ಓದತೊಡಗುತ್ತಿದ್ದರು. ಯಾತ್ರೆಯ ದಿನ ಹತ್ತಿರ ಬಂದಾಗ, ‘ಆಕೆ ಹೇಗೂ ಬರೋದಿಲ್ಲ, ನಾನು ಹೋಗಿ ಬರ್ತೀನಿ’ ಎಂದು ಇವಳು ಹೊರಟಳು. ಆಕೆಯೂ ಅದನ್ನೇ ಅಂದುಕೊಂಡು ಹೊರಟಿದ್ದಳು. ಮೊದಲ ಎರಡು ದಿನ ಒಬ್ಬರ ಹಿಂದೆ ಒಬ್ಬರು ನಡೆದಿದ್ದರೂ ಗೊತ್ತಾಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಬೇಕರಿಯಮ್ಮ ಬೂಟಿನ ಲಾಡಿ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಮೊದಲು ಆಕೆ ಹೋಗಲಿ, ಆಮೇಲೆ ನಾನು ಎಂಬುದು ಅವಳ ಲೆಕ್ಕ. ಮೇಡಂ ಮಡಿಸಿದ ಹೊದಿಕೆಯನ್ನೇ ಕೊಡವಿ ಮತ್ತೆ ಮಡಿಸುತ್ತಿದ್ದಳು. ಉಳಿದ ಯಾತ್ರಿಗಳೆಲ್ಲ ಆಗಲೇ ಹೊರಟುಹೋಗಿದ್ದರು. ತಂಗುಮನೆಯ ಮೇಲ್ವಿಚಾರಕಿ ಪೊರಕೆ ಹಿಡಿದು ಒಳಗೆ ಬಂದವಳು ಇಬ್ಬರನ್ನೂ ನೋಡಿ ನಿಂತಳು.

“ಇನ್ನೂ ಹೊರಟಿಲ್ವಾ? ಇವತ್ತಿನ ದಾರಿ ಇಡೀ ಯಾತ್ರೆಗೇ ಕಷ್ಟದ್ದು. ಕಾಡು ದಾಟೋವರೆಗೆ ಬರೀ ಏರು. ಆಮೇಲೆ ಕತ್ತೆಬೆನ್ನು. ಎರಡೂ ಕಡೆ ಇಳಿಜಾರು, ನಡುವೆ ಒಬ್ಬರು ಹೋಗೋವಷ್ಟು ಬಂಡೆ. ಅದು ದಾಟಿದ್ರೆ ಗುಡಿ. ಗುಡಿಯಿಂದ ಆ ಕಡೆ ಇಳಿದ್ರೆ ಹಳ್ಳಿ. ಮೇಲೆ ಮಂಜು ಇದೆ ಇವತ್ತು. ಒಂಟಿಯಾಗಿ ಯಾರನ್ನೂ ಬಿಡಲ್ಲ. ಉಳಿದಿರೋದು ನೀವಿಬ್ಬರು. ಜೊತೆಯಾಗಿ ಹೋಗಿ, ಇಲ್ಲಾ ನಾಳೆವರೆಗೆ ಇಲ್ಲೇ ಇರಿ.”

ಇನ್ನೊಂದು ಇಡೀ ದಿನ ಇದೇ ಕೋಣೆಯಲ್ಲಿ ಎದುರುಬದುರು ಕೂತು ಕಾಲುಚೀಲ ನೋಡುವುದನ್ನು ಇಬ್ಬರೂ ಊಹಿಸಿಕೊಂಡರು.

“ಹೋಗ್ತೀವಿ,” ಅಂದರು ಒಟ್ಟಿಗೆ.

ಕಾಡಿನ ಏರಿನಲ್ಲಿ ಮೇಡಂ ಮುಂದೆ, ಬೇಕರಿಯಮ್ಮ ಹಿಂದೆ. ಬೇರುಗಳೇ ಮೆಟ್ಟಿಲಾದ ದಾರಿ. ಕೆಲವು ಕಡೆ ಮೆಟ್ಟಿಲು ಮೊಣಕಾಲಿನ ಎತ್ತರಕ್ಕಿತ್ತು. ಬೆಳಗಿನ ಜಾವದಲ್ಲಿ ಎದ್ದು ಹಿಟ್ಟು ನಾದಿ ನಾದಿ ಬೇಕರಿಯಮ್ಮನ ತೋಳು ಗಟ್ಟಿಯಾಗಿದ್ದವು, ಆದರೆ ಉಸಿರು ತೋಳಿನಲ್ಲಿರುವುದಿಲ್ಲವಲ್ಲ. ಏದುಸಿರು ಕೇಳಿಸದಿರಲಿ ಎಂದು ಬಾಯಿ ಮುಚ್ಚಿಕೊಂಡು ಹತ್ತಿದಳು. ಅದರಿಂದ ಮೂಗು ಸಿಳ್ಳೆ ಹೊಡೆಯತೊಡಗಿತು. ಮುಂದೆ ಹೋಗುತ್ತಿದ್ದ ಮೇಡಂ ತಿರುಗಿ ನೋಡಲಿಲ್ಲ. ಆದರೆ ಸಿಳ್ಳೆ ಜೋರಾದಾಗಲೆಲ್ಲ ಅವಳಿಗೆ ಯಾವುದೋ ಹಕ್ಕಿ ಕಾಣಿಸುತ್ತಿತ್ತು. ನಿಂತು, ಮರದ ಮೇಲೆ ನೋಡಿ, ಸಿಳ್ಳೆ ನಿಂತ ಮೇಲೆ ಮುಂದಕ್ಕೆ ಹೋಗುತ್ತಿದ್ದಳು. ನಾಲ್ಕನೇ ಹಕ್ಕಿಯ ಹೊತ್ತಿಗೆ ಬೇಕರಿಯಮ್ಮನಿಗೆ ವಿಷಯ ಅರ್ಥವಾಯಿತು.

“ಹಕ್ಕಿ ಇದೆಯಾ, ಇಲ್ಲಾ ನನಗೋಸ್ಕರ ನಿಲ್ತಿದೀರಾ?”

“ಹಕ್ಕಿ ಇತ್ತು. ನಿಮ್ಮ ಸಿಳ್ಳೆಗೆ ಹೆದರಿ ಹೋಯ್ತು, ಬೀ…” ಮೇಡಂ ಆ ಮಾತನ್ನು ಅಲ್ಲೇ ನುಂಗಿಕೊಂಡಳು. ಅರ್ಧ ನುಂಗಿದ ‘ಬೀಗಿತ್ತಿ’ ಇಬ್ಬರ ನಡುವೆ ಮುಳ್ಳಿನ ಹಾಗೆ ಉಳಿಯಿತು.

ಮರಗಳು ತೆಳುವಾಗುವ ಕಡೆ ಒಂದು ಚಪ್ಪಟೆ ಬಂಡೆ ಸಿಕ್ಕಿತು. ಕೂತರು. ಬೇಕರಿಯಮ್ಮ ಚೀಲದಿಂದ ರಸ್ಕಿನ ಪೊಟ್ಟಣ ತೆಗೆದು, ಇಬ್ಬರಿಗೂ ಸಮ ದೂರದಲ್ಲಿ, ಬಂಡೆಯ ಮೇಲೆ ಇಟ್ಟಳು. ಯಾರನ್ನೂ ಕರೆದು ಕೊಟ್ಟ ಹಾಗಲ್ಲ, ಕೊಡದ ಹಾಗೂ ಅಲ್ಲ. ಮೇಡಂ ಒಂದು ತೆಗೆದುಕೊಂಡಳು. ಅಗಿಯುತ್ತ, ಯಾರಿಗೂ ಅಲ್ಲವೆಂಬಂತೆ ಅಂದಳು:

“ಮಗ ತುಂಬಾ ಇಳಿದುಹೋಗಿದಾನೆ. ಪ್ಯಾಂಟ್ ನಿಲ್ಲಲ್ಲ ಸೊಂಟದಲ್ಲಿ.”

“ನನ್ನ ಮಗಳೇನು ಉಬ್ಬಿದಾಳಾ?”

“ನಾನು ಹಾಗಂದ್ನಾ?”

“ಮತ್ತೆ ಹೇಗಂದ್ರಿ?”

ಅಷ್ಟು ಸಾಕಾಯಿತು. ಹತ್ತು ತಿಂಗಳಿಂದ ಒಲೆಯ ಮೇಲಿದ್ದ ಹಾಲು ಉಕ್ಕಿತು. ನಿಮ್ಮ ಮಗಳಿಗೆ ಆಫೀಸೇ ಗಂಡ ಆಗಿತ್ತು, ಮನೆಗೆ ಬಂದ್ರೂ ಮನಸ್ಸು ಅಲ್ಲೇ ಇರ್ತಿತ್ತು ಎಂದಳು ಮೇಡಂ. ನಿಮ್ಮ ಮಗ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ಅವಳು ಗೋಡೆ ಹತ್ರ ಮಾತಾಡ್ಬೇಕಿತ್ತಾ ಎಂದಳು ಬೇಕರಿಯಮ್ಮ. ಅವನು ಚಿಕ್ಕಂದಿನಿಂದ ಮಿತಭಾಷಿ. ಮಿತ ಅಲ್ಲ, ಮೂಕ. ನಿಮ್ಮ ಮುದ್ದಿನಿಂದ ಅವಳು ಹಾಗಾಗಿದ್ದು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಗಾದೆ ಇರೋದು ನಿಮ್ಮನ್ನ ನೋಡೇ.

“ಹೆಗ್ಗಣ ಅಂದ್ರಾ?” ಮೇಡಂ ಎದ್ದು ನಿಂತಳು. “ನನ್ನ ಮಗ ಹೆಗ್ಗಣವಾ?”

“ಗಾದೆ ಹೇಳಿದೆ.”

“ಗಾದೆನೂ ಬೇಡ, ನಿಮ್ಮ ರಸ್ಕೂ ಬೇಡ.” ತಿಂದು ಉಳಿದಿದ್ದ ಅರ್ಧ ರಸ್ಕನ್ನು ಪೊಟ್ಟಣದ ಮೇಲಿಟ್ಟು, ಚೀಲ ಬೆನ್ನಿಗೆ ಏರಿಸಿ, ಮೇಡಂ ದಡದಡ ಹತ್ತಿಹೋದಳು. ಸ್ವಲ್ಪ ಹೊತ್ತಿನಲ್ಲಿ ಮಂಜು ಅವಳನ್ನು ಒಳಗೆ ಎಳೆದುಕೊಂಡಿತು.

ಬೇಕರಿಯಮ್ಮ ಹಠಕ್ಕೆ ಕೂತೇ ಇದ್ದಳು. ಆ ಹುಡುಗ ಹೆಗ್ಗಣವೇನಲ್ಲ. ಬೇಕರಿಯ ಒಲೆ ಕೆಟ್ಟಾಗ ರಜ ಹಾಕಿ ಬಂದು, ಒಂದು ಮಾತಾಡದೆ, ಮೈಯೆಲ್ಲ ಮಸಿ ಮಾಡಿಕೊಂಡು ಸರಿಮಾಡಿ ಹೋದವನು. ಮೇಲಿನಿಂದ ಸದ್ದೇ ಇಲ್ಲದ್ದು ಗಮನಕ್ಕೆ ಬಂದಾಗ ಅವಳಿಗೆ ಮೇಲ್ವಿಚಾರಕಿಯ ಮಾತು ನೆನಪಾಯಿತು. ಪೊಟ್ಟಣ ಕಟ್ಟಿ, ಸಿಳ್ಳೆ ಕೇಳಿದರೆ ಕೇಳಲಿ ಎಂದು, ಬಾಯಿ ತೆರೆದುಕೊಂಡೇ ಹತ್ತಿದಳು.

ಕತ್ತೆಬೆನ್ನು ನಿಜಕ್ಕೂ ಕತ್ತೆಯ ಬೆನ್ನಿನ ಹಾಗೇ ಇತ್ತು. ನಡುವೆ ಎಲುಬಿನಂತೆ ಎದ್ದ ಕಲ್ಲು, ಎರಡೂ ಪಕ್ಕದಲ್ಲಿ ಕೆಳಕ್ಕೆ ಜಾರಿಹೋಗುವ ಹುಲ್ಲು. ಹುಲ್ಲಿನ ಆಚೆ ಬರೀ ಬಿಳಿ. ಗಾಳಿಗೆ ಮಂಜು ಆಗಾಗ ಹರಿಯುತ್ತಿತ್ತು. ಆಗ ಬಹಳ ಕೆಳಗೆ ಮರಗಳ ತಲೆಗಳು ಕಾಣುತ್ತಿದ್ದವು. ಕಾಣದಿದ್ದಾಗಲೇ ವಾಸಿ ಅನ್ನಿಸುತ್ತಿತ್ತು. ಸ್ವಲ್ಪ ಮುಂದೆ, ದಾರಿಯ ಮಧ್ಯೆ, ಮೇಡಂ ಎರಡೂ ಕೈಯಿಂದ ಒಂದು ಕಲ್ಲನ್ನು ತಬ್ಬಿಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದಳು.

“ಏನಾಯ್ತು? ಬಿದ್ರಾ?”

“ಇಲ್ಲ.”

“ಮತ್ತೆ?”

“ಏಳಕ್ಕಾಗ್ತಿಲ್ಲ.” ಮೇಡಂನ ಧ್ವನಿ ಅವಳದಾಗಿರಲಿಲ್ಲ. “ಕೆಳಗೆ ನೋಡ್ಬಿಟ್ಟೆ. ಕಾಲು ನಂದಲ್ಲ ಅನ್ನಿಸ್ತಿದೆ. ನೀವು ಹೋಗಿ. ಗುಡಿ ಹತ್ರ ಯಾರಾದ್ರೂ ಇದ್ರೆ ಕಳಿಸಿ.”

ಎಂಥೆಂಥ ತಿರುವುಗಳಲ್ಲಿ, ಪಕ್ಕದ ಸೀಟಿನಲ್ಲಿ ಕೂತು, ನಡುಗುವ ಹೊಸಬರಿಗೆ ‘ಏನೂ ಆಗಲ್ಲ, ಹೋಗಿ’ ಎಂದು ಆಕಳಿಸುತ್ತಿದ್ದವಳು ಈಕೆ. ಬೇಕರಿಯಮ್ಮ ಕೈಗಳನ್ನು ಅಗಲಿಸಿ, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಹತ್ತಿರ ಬಂದು, ಅವಳ ಹಿಂದೆ ಕೂತಳು.

“ನೋಡಿ, ದೂರ ನೋಡಬೇಡಿ. ಮುಂದಿನ ಸ್ವಲ್ಪ ದಾರಿ ಮಾತ್ರ ನೋಡಿ. ಫಸ್ಟ್ ಗೇರಲ್ಲಿ, ನಿಧಾನಕ್ಕೆ, ಕ್ಲಚ್ ಪೂರ್ತಿ ಬಿಡದೆ…”

“ನಾನು ಹೇಳಿಕೊಟ್ಟಿದ್ದನ್ನ ನನಗೇ ಹೇಳಬೇಡಿ!” ಮೇಡಂ ಅತ್ತುಬಿಡುವ ಹಾಗೆ ಕಿರುಚಿದಳು. “ಅದೆಲ್ಲಾ ಸುಳ್ಳು! ಕಾರಲ್ಲಿ ನಾನು ಕೂರೋ ಕಡೆನೂ ಒಂದು ಬ್ರೇಕ್ ಇರುತ್ತೆ, ಅದಕ್ಕೆ ಧೈರ್ಯ!”

ಬೇಕರಿಯಮ್ಮನಿಗೆ ಹೊಟ್ಟೆಯೊಳಗಿಂದ ನಗು ಎದ್ದು ಬಂತು. ನಗಬಾರದ ಜಾಗ, ಮೈ ಕುಲುಕಿದರೆ ಜಾರುವ ಜಾಗ. ತಡೆದಷ್ಟೂ ಹೆಚ್ಚಾಯಿತು. ಕಲ್ಲನ್ನು ತಬ್ಬಿದ್ದ ಮೇಡಂನ ಬೆನ್ನೂ ಅಲುಗಾಡತೊಡಗಿತು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ಹಿಂದಿನಿಂದ ಗೊತ್ತಾಗುತ್ತಿರಲಿಲ್ಲ. ಎರಡೂ ಇತ್ತು.

“ಎದ್ದು ನಡೀಬೇಕು ಅಂತ ಯಾರು ಹೇಳಿದ್ರು?” ಎಂದಳು ಬೇಕರಿಯಮ್ಮ. “ಕೂತೇ ಹೋಗೋಣ. ನೋಡೋಕೆ ಇಲ್ಲಿ ಯಾರಿದಾರೆ?”

ಅವಳು ಮೇಡಂನ ಚೀಲವನ್ನು ಬಿಡಿಸಿ ತನ್ನ ಎದೆಗೆ ತಗುಲಿಸಿಕೊಂಡಳು. ಬೆನ್ನಿಗೊಂದು, ಎದೆಗೊಂದು. ಅವಳನ್ನು ಬಳಸಿ ಮುಂದೆ ಹೋಗಿ, ಕಲ್ಲಿನ ಎಲುಬಿನ ಮೇಲೆ ಕುದುರೆ ಹತ್ತಿದ ಹಾಗೆ ಕೂತು, ಕೈಯನ್ನು ಹಿಂದಕ್ಕೆ ಚಾಚಿದಳು.

“ಕೈ ಕೊಡೇ.”

ಮೇಡಂ ಒಂದು ಕೈಯನ್ನು ಕಲ್ಲಿನಿಂದ ಬಿಡಿಸಿದಳು. ಬೆರಳುಗಳು ಮರಗಟ್ಟಿದ್ದವು. ಬೇಕರಿಯಮ್ಮನ ಕೈ, ಒಲೆಯ ಮುಂದೆ ಬದುಕು ಕಳೆದ ಕೈ, ಆ ಚಳಿಯಲ್ಲೂ ಬೆಚ್ಚಗಿತ್ತು. ಹಿಡಿದುಕೊಂಡರು. ಇಷ್ಟಿಷ್ಟೇ ಸರಿಯುತ್ತ, ಚಿಕ್ಕ ಮಕ್ಕಳು ಮೆಟ್ಟಿಲು ಇಳಿಯುವ ಹಾಗೆ ಅಂಡೂರಿಕೊಂಡು, ಇಬ್ಬರು ದೊಡ್ಡ ಹೆಂಗಸರು ಕತ್ತೆಬೆನ್ನನ್ನು ದಾಟಿದರು. ಮೇಡಂ ಕಣ್ಣು ಮುಚ್ಚಿಕೊಂಡಿದ್ದಳು. ಬೇಕರಿಯಮ್ಮ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದಳು: ಹಿಟ್ಟಿನ ಬೆಲೆ, ಎದುರಂಗಡಿಯವನ ಹೊಸ ಹಲ್ಲುಸೆಟ್ಟು, ಕೆಲಸದ ಹೆಂಗಸು ಉಪ್ಪಿನ ಬದಲು ಸಕ್ಕರೆ ಸುರಿದ ಬ್ರೆಡ್ಡನ್ನು ಊರೆಲ್ಲ ಹೊಗಳಿದ್ದು. ಮಧ್ಯದಲ್ಲಿ ಎಲ್ಲೋ ಬಟ್ಟೆ ಹರಿದ ಸದ್ದಾಯಿತು.

“ಯಾರದು?” ಎಂದಳು ಮೇಡಂ, ಕಣ್ಣು ತೆರೆಯದೆ.

“ನಿಮ್ಮದೇ.”

ಆಚೆ ದಡದಲ್ಲಿ ಹುಲ್ಲು ಅಗಲವಾಯಿತು. ಮೇಡಂ ಅಂಗಾತ ಮಲಗಿ ಎರಡೂ ಕೈಯಿಂದ ನೆಲ ತಟ್ಟಿದಳು. ಬೇಕರಿಯಮ್ಮ ತನ್ನ ಶಾಲನ್ನು ಅವಳ ಸೊಂಟಕ್ಕೆ ಸುತ್ತಿ, ಪ್ಯಾಂಟಿನ ಹರುಕು ಕಾಣದ ಹಾಗೆ ಗಂಟು ಹಾಕಿದಳು.

ಗುಡಿ ದೊಡ್ಡದೇನಲ್ಲ. ಕಲ್ಲು ಪೇರಿಸಿದ ನಾಲ್ಕು ಗೋಡೆ, ಬಾಗಿ ಒಳಹೋಗಬೇಕಾದ ಬಾಗಿಲು, ಒಳಗೊಂದು ದೀಪ. ಯಾರೂ ಇರಲಿಲ್ಲ. ಇಬ್ಬರೂ ಒಳಗೆ ಹೋಗಿ ಕಣ್ಣು ಮುಚ್ಚಿ ನಿಂತರು. ಬೇಕರಿಯಮ್ಮ ಬೇಗ ಹೊರಗೆ ಬಂದಳು. ಮೇಡಂ ಬಹಳ ಹೊತ್ತು ಬರಲಿಲ್ಲ. ಬಂದವಳು ಬಾಗಿಲಿನ ಪಕ್ಕದ ಕಲ್ಲುಜಗುಲಿಯ ಮೇಲೆ ಕೂತು ಹೇಳಿದಳು:

“ಅವರಿಬ್ಬರೂ ಮತ್ತೆ ಒಂದಾಗಲಿ ಅಂತ ಕೇಳ್ಕೊಳ್ಳೋಕೇ ನಾನು ಬಂದಿದ್ದು. ಮನೆಯಿಂದ ಹೊರಡುವಾಗಲೇ ಅಂದ್ಕೊಂಡಿದ್ದೆ.”

ಬೇಕರಿಯಮ್ಮ ಬೂಟಿಗೆ ಅಂಟಿದ ಮಣ್ಣನ್ನು ಜಗುಲಿಯ ಅಂಚಿಗೆ ಉಜ್ಜಿದಳು.

“ನೀವು?”

ಸುಳ್ಳು ಹೇಳುವುದು ಸುಲಭವಿತ್ತು. ಹೂಂ ಅಂದರೆ ಸಾಕಿತ್ತು. ಆದರೆ ಈಗ ತಾನೇ ಕೈ ಹಿಡಿದು ದಾಟಿಸಿದವಳಿಗೆ ಹಾಗೆ ಹೇಳಲು ಮನಸ್ಸು ಬರಲಿಲ್ಲ.

“ನಾನು ಅದನ್ನ ಕೇಳಲಿಲ್ಲ. ಕೇಳಬೇಕು ಅಂತ ಅನ್ನಿಸಲೂ ಇಲ್ಲ. ಬೇಜಾರು ಮಾಡ್ಕೋಬೇಡಿ. ಮದುವೆಯಾಗಿದ್ದಾಗ ಅವಳು ಮನೆಗೆ ಬಂದ್ರೆ ಕುರ್ಚಿ ತುದಿಯಲ್ಲಿ ಕೂರ್ತಿದ್ಲು, ಯಾವಾಗ್ಲೂ ಹೊರಡೋವ್ರ ಹಾಗೆ. ಈಗ ಪೂರ್ತಿ ಕೂರ್ತಾಳೆ, ಕಾಲು ಮೇಲಿಟ್ಕೊಂಡು. ಬೆಳಿಗ್ಗೆ ಹಲ್ಲುಜ್ಜುವಾಗ ಏನೋ ಗುನುಗ್ತಾಳೆ. ನಿಮ್ಮ ಮಗ ಕೆಟ್ಟವನಲ್ಲ. ಆಗ ಅಂದಿದ್ದು ಕೋಪಕ್ಕೆ. ಆದ್ರೂ ನಾನು ಅದನ್ನ ಕೇಳಲಾರೆ.”

ಮೇಡಂ ಬೂಟಿನ ತುದಿಯಿಂದ ಒಂದು ಕಲ್ಲನ್ನು ಆಚೆ ತಳ್ಳಿದಳು, ಈಚೆ ಎಳೆದಳು.

“ಅವನೂ ಈಗ ನಿದ್ದೆ ಮಾಡ್ತಾನೆ,” ಎಂದಳು ಕೊನೆಗೆ. “ಮೊದಲು ರಾತ್ರಿಯೆಲ್ಲಾ ಓಡಾಡ್ತಿದ್ದ. ಇಳಿದುಹೋಗಿದಾನೆ ಅಂದ್ನಲ್ಲ, ಅದು ಕೊರಗಿನಿಂದ ಅಲ್ಲ. ಬೆಳಿಗ್ಗೆ ಬೆಳಿಗ್ಗೆ ಓಡ್ತಾನೆ ಈಗ. ಗೊತ್ತಿದ್ದೂ ಹಾಗಂದೆ.” ಕಲ್ಲನ್ನು ಪೂರ್ತಿ ಆಚೆ ಒದ್ದು, “ಅವನಿಗೋಸ್ಕರ ಕೇಳ್ತೀನಿ ಅಂದ್ಕೊಂಡು ಬಂದೆ. ಒಳಗೆ ಕಣ್ಣು ಮುಚ್ಚಿ ನಿಂತ್ರೆ ನಿಮ್ಮ ಹಿಟ್ಟಿನ ಮೂಟೆಗಳೇ ಕಾಣ್ತಾವೆ. ನನಗೆ ಬೇಕಿದ್ದಿದ್ದು ಅದು. ಅವರಿಗೆ ಡೈವೋರ್ಸ್ ಆಯ್ತು, ಸರಿ. ನಮಗೆ ಯಾರು ಕೊಟ್ರು?”

ಬೇಕರಿಯಮ್ಮ ಮೂಗು ಒರೆಸಿಕೊಂಡಳು. ಮಂಜು ಒಂದು ಕಡೆಯಿಂದ ತೆಳುವಾಗಿ, ಗುಡಿಯ ಮುಂದಿನ ಹುಲ್ಲಿನ ಮೇಲೆ ಬಿಸಿಲಿನ ಒಂದು ತುಂಡು ಬಿದ್ದಿತ್ತು. ಅಲ್ಲಿಗೆ ಹೋಗಿ ಕೂತರು.

“ಕತ್ತೆಬೆನ್ನಿನ ಮೇಲೆ ನನಗೆ ‘ಕೈ ಕೊಡೇ’ ಅಂದ್ರಿ,” ಎಂದಳು ಮೇಡಂ.

“ಅಂದ್ನಾ?” ಬೇಕರಿಯಮ್ಮನ ಮುಖ ಕೆಂಪಾಯಿತು. “ಗಾಬರೀಲಿ ಬಂದಿರಬೇಕು. ಇಷ್ಟು ವರ್ಷ ಒಂದು ದಿನವೂ…”

“ಬೀಗಿತ್ತಿಯಾಗಿದ್ದಾಗ ಹಾಗನ್ನೋಕೆ ಆಗ್ತಿರಲಿಲ್ಲ. ಈಗ ಏನು ಅಡ್ಡಿ? ಅನ್ನು.”

“ಅಭ್ಯಾಸ ಇಲ್ಲ ರೀ.”

“ಅಭ್ಯಾಸ ಇಲ್ಲ ಕಣೇ ಅನ್ನು.”

ಬೇಕರಿಯಮ್ಮ ಬಾಯಿ ತೆರೆದಳು, ನಾಚಿಕೆಯಿಂದ ಮುಚ್ಚಿದಳು, ಮದುವೆಯ ದಿನ ಗಂಡನ ಹೆಸರು ಹೇಳಲು ಹಿಂಜರಿದ ಹುಡುಗಿಯಂತೆ. ಮೇಡಂ ಹುಲ್ಲಿನ ಮೇಲೆ ಬಿದ್ದು ಬಿದ್ದು ನಕ್ಕಳು.

ಇಳಿಜಾರು ಏರಿಗಿಂತ ಕೆಟ್ಟದ್ದಾಗಿತ್ತು. ಕಾಲಿಟ್ಟಲ್ಲೆಲ್ಲ ಸಡಿಲ ಕಲ್ಲು. ಮೇಡಂನ ಮೊಣಕಾಲು ಹೆಜ್ಜೆಗೊಮ್ಮೆ ಚುಚ್ಚುತ್ತಿತ್ತು. ಅವಳು ಹಲ್ಲು ಕಚ್ಚಿ, ಬಾಯಲ್ಲಿ ಏನೂ ಹೇಳದೆ ಇಳಿಯುತ್ತಿದ್ದಳು. ಅರ್ಧ ದಾರಿಯಲ್ಲಿ ಬೇಕರಿಯಮ್ಮನ ಫೋನಿಗೆ ಜೀವ ಬಂದು ಹೊಡೆದುಕೊಳ್ಳತೊಡಗಿತು. ಮಗಳು. ಬೇಕರಿಯಮ್ಮ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವವಳು, ಒಲೆಯ ಮುಂದಿನ ಅಭ್ಯಾಸ. ಯೋಚಿಸದೆ ಹಾಗೇ ಒತ್ತಿದಳು.

“ಅಮ್ಮಾ, ಎಲ್ಲಿದೀಯಾ? ಬೆಳಿಗ್ಗೆಯಿಂದ ಫೋನ್ ಮಾಡ್ತಿದೀನಿ. ಆ ಬೆಟ್ಟಕ್ಕೆ ಒಬ್ಬಳೇ ಹೋದ್ಯಾ?”

“ಒಬ್ಬಳೇ ಅಲ್ಲ ಕಣೇ.” ಬೇಕರಿಯಮ್ಮ ಮೇಡಂನ ಮುಖ ನೋಡಿದಳು. ಮೇಡಂ ಬೇಡ ಬೇಡ ಎಂದು ಕೈಯಾಡಿಸಿದಳು. “ಜೊತೆಗೆ… ಅವರಿದಾರೆ. ಡ್ರೈವಿಂಗ್ ಮೇಡಂ.”

ಆ ಕಡೆ ಮಾತು ನಿಂತಿತು. ಗಾಳಿ ಹುಲ್ಲನ್ನು ಒಂದು ಕಡೆಗೆ ಬಾಚಿ, ಬಿಟ್ಟಿತು.

“ಇಳೀತಿದೀರಾ?” ಎಂದಳು ಮಗಳು.

“ಹೂಂ.”

“ಅತ್ತೆಗೆ ಇಳಿಯುವಾಗಲೇ ಮೊಣಕಾಲು ಹಿಡಿಯೋದು. ಬಾಯಿಬಿಟ್ಟು ಹೇಳಲ್ಲ ಅವರು. ನೇರ ಇಳಿಸಬೇಡ, ಅಡ್ಡಡ್ಡ ಹೋಗಿ. ಚೀಲದಲ್ಲಿ ಬಟ್ಟೆ ಇದ್ರೆ ಬಿಗಿಯಾಗಿ ಕಟ್ಟು.” ಆಮೇಲೆ ದನಿ ತಗ್ಗಿಸಿ, “ನೀನು ಅವರ ಜೊತೆ ಮಾತು ಬಿಟ್ಟಿದ್ದು ನನಗೋಸ್ಕರ ಅಂತ ಗೊತ್ತಿತ್ತು ಅಮ್ಮ. ಮಾತು ಬಿಡಬೇಡ ಅಂತ ಹೇಳೋಕೆ ಎಷ್ಟು ಸಲ ಬಂದೆ. ಹೇಗೆ ಶುರು ಮಾಡೋದು ಅಂತ ಗೊತ್ತಾಗಲಿಲ್ಲ. ಹುಷಾರಾಗಿ ಇಳೀರಿ,” ಎಂದು ಇಟ್ಟುಬಿಟ್ಟಳು.

ಮೇಡಂ ದಾರಿಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದಳು. ಮುಖವನ್ನು ಕಣಿವೆಯ ಕಡೆಗೆ ತಿರುಗಿಸಿಕೊಂಡಿದ್ದಳು.

“ಇನ್ನೂ ಅತ್ತೆ ಅಂದ್ಲು,” ಎಂದಳು.

“ಬಾಯಿಗೆ ಬಂದಿರುತ್ತೆ.”

“ಬರಲಿ. ಬಂತಲ್ಲ, ಅಷ್ಟು ಸಾಕು.”

ಬೇಕರಿಯಮ್ಮ ಮೊಣಕಾಲೂರಿ ಕೂತು, ಒಂದು ಟವೆಲನ್ನು ಉದ್ದಕ್ಕೆ ಮಡಿಸಿ ಅವಳ ಮೊಣಕಾಲಿಗೆ ಸುತ್ತಿದಳು. ನಾದಿ ನಾದಿ ಗಟ್ಟಿಯಾದ ಕೈ ಎಳೆದ ಬಿಗಿಗೆ ಮೇಡಂ ಅಯ್ಯೋ ಅಂದಳು.

“ಸುಮ್ನಿರೇ,” ಎಂದಳು ಬೇಕರಿಯಮ್ಮ, ಈ ಸಲ ಬೇಕೆಂದೇ.

ಅಡ್ಡಡ್ಡ ಇಳಿಯುವುದೆಂದರೆ ದಾರಿ ಎರಡರಷ್ಟಾಯಿತು. ಮೇಲೆ ಮೇಕೆ ಮೇಯಿಸಿ ಇಳಿಯುತ್ತಿದ್ದ ಹಳ್ಳಿಯ ಮುದುಕನೊಬ್ಬ ಕೋಲೂರಿಕೊಂಡು ಇವರನ್ನು ದಾಟಿ ಹೋದ. ಆಮೇಲೆ ಒಂದು ಮೇಕೆಯೂ ದಾಟಿ ಹೋಯಿತು. ಇಬ್ಬರಿಗೂ ಅವಸರವಿರಲಿಲ್ಲ. ಹತ್ತು ತಿಂಗಳ ಮಾತು ಬಾಕಿ ಇತ್ತು. ಇಳಿಜಾರು ಮುಗಿದರೂ ಅದು ಮುಗಿಯಲಿಲ್ಲ.

ಹಳ್ಳಿಯ ತಂಗುಮನೆ ತಲುಪಿದಾಗ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಒಳಗೆ ಹೆಸರು ಹೇಳಿ ಮಂಚ ಗೊತ್ತುಮಾಡಿಕೊಂಡು ಬೇಕರಿಯಮ್ಮ ಹೊರಗೆ ಬರುವಷ್ಟರಲ್ಲಿ, ಮೇಡಂ ಅಂಗಳದ ಬೆಂಚಿನ ಮೇಲೆ, ಗೋಡೆಗೆ ತಲೆ ಆನಿಸಿ, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಬೇಕರಿಯಮ್ಮ ಎಬ್ಬಿಸಲಿಲ್ಲ. ಅವಳ ಕಾಲ ಬಳಿ ಕೂತು, ಮಣ್ಣು ಮೆತ್ತಿಕೊಂಡು ಬಿಗಿದುಹೋಗಿದ್ದ ಲಾಡಿಯ ಗಂಟನ್ನು ಉಗುರಿನಿಂದ ಬಿಡಿಸಿ, ಒಂದೊಂದಾಗಿ ಎರಡೂ ಬೂಟು ಕಳಚಿದಳು. ಪಾದಗಳು ಬಾತಿದ್ದವು. ಬಾವಿಕಟ್ಟೆಯಿಂದ ಬಕೆಟ್ಟಿನಲ್ಲಿ ನೀರು ತಂದು, ಕೈ ಅದ್ದಿ ನೋಡಿ, ತೀರ ತಣ್ಣಗಿದೆ ಎಂದು ಸ್ವಲ್ಪ ಹೊತ್ತು ಬಿಸಿಲಿಗಿಟ್ಟಳು.

ನೀರಿಗೆ ಕಾಲು ತಾಗಿದಾಗ ಮೇಡಂಗೆ ಎಚ್ಚರವಾಯಿತು. ಏನು ನಡೆಯುತ್ತಿದೆ ಎಂದು ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಬೇಕರಿಯಮ್ಮನೂ ಬೂಟು ಕಳಚಿ, ಪಕ್ಕದಲ್ಲಿ ಕೂತು, ಅದೇ ಬಕೆಟ್ಟಿಗೆ ತನ್ನ ಕಾಲುಗಳನ್ನೂ ಇಳಿಬಿಟ್ಟಳು. ನೀರು ತುಳುಕಿ ಅಂಗಳದಲ್ಲಿ ಹರಿಯಿತು.

“ನಾಳೆ ದಾರಿ ಹೇಗಂತೆ?”

“ಬರೀ ಬಯಲಂತೆ. ಹೊಳೆ ಪಕ್ಕದಲ್ಲೇ ಹೋಗೋದಂತೆ.”

“ಹಾಗಾದ್ರೆ ಬೇಗ ಏಳೋದು ಬೇಡ,” ಎಂದಳು ಮೇಡಂ, ಮತ್ತೆ ಕಣ್ಣು ಮುಚ್ಚಿಕೊಳ್ಳುತ್ತ.